ಹೊಂಡ, ರಾಶಿ, ಬಾವಿ: ಹೊಲದಲ್ಲಿ ಘನಫಲದ ಲೆಕ್ಕ

ಪ್ರೌಢಶಾಲೆಯ ತರಗತಿಗಳಲ್ಲಿ ಮಕ್ಕಳಿಗೆ ಘನಫಲದ ಪಾಠ ಇರುತ್ತದೆ. ಪೆಟ್ಟಿಗೆ, ಕೊಳವೆ, ಶಂಕು ಮೊದಲಾದ ಆಕೃತಿಗಳ ಒಳಗೆ ಎಷ್ಟು ಹಿಡಿಸುತ್ತದೆ ಎಂಬುದನ್ನು ಸೂತ್ರದಿಂದ ಕಂಡುಹಿಡಿಯುವ ಪಾಠ ಅದು. ಮಗ ಅಥವಾ ಮಗಳು ಆ ಸೂತ್ರಗಳನ್ನು ಬಾಯಿಪಾಠ ಮಾಡುತ್ತಿರುವಾಗ, ಅದೇ ಮನೆಯ ಯಜಮಾನರು ಹೊಲದಲ್ಲಿ ಕೃಷಿ ಹೊಂಡ ತೋಡಿಸಿ, ಗುತ್ತಿಗೆದಾರ ಹೇಳಿದ ಲೆಕ್ಕಕ್ಕೆ ಹಣ ಎಣಿಸಿ ಕೊಡುತ್ತಿರುತ್ತಾರೆ. ಎರಡೂ ಒಂದೇ ಲೆಕ್ಕವೆಂಬುದು ಹೊಳೆಯುವುದು ಅಪರೂಪ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಭಾಗದ ತೊಗರಿ ಬೆಳೆಗಾರರಿಗೆ ಈ ಲೆಕ್ಕ ಬಂದರೆ ಹಣ ಉಳಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಹೂವಾಡುವ ಕಾಲದಲ್ಲಿ ಹೊಂಡದ ನೀರು ಎಷ್ಟು ಎಕರೆಗೆ ಸಾಕಾದೀತು ಎಂಬುದು ಮೊದಲೇ ತಿಳಿಯುತ್ತದೆ.

ಅಳತೆಯ ಮೂಲ

ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರದ ಪೆಟ್ಟಿಗೆಯಲ್ಲಿ ಹಿಡಿಸುವಷ್ಟು ಜಾಗಕ್ಕೆ ಒಂದು ಘನ ಮೀಟರ್ ಎನ್ನುತ್ತೇವೆ. ಅದರಲ್ಲಿ 1000 ಲೀಟರ್ ನೀರು ಹಿಡಿಯುತ್ತದೆ. ಒಂದು ಘನ ಅಡಿಗೆ 28.3 ಲೀಟರ್. ಮಣ್ಣು, ಮರಳು, ಗರಸು ಮಾರುವವರು ಬಳಸುವ ಒಂದು ಬ್ರಾಸ್ ಎಂದರೆ 100 ಘನ ಅಡಿ, ಅಂದರೆ 2.83 ಘನ ಮೀಟರ್. ಇಷ್ಟು ನೆನಪಿದ್ದರೆ ಮುಂದಿನ ಲೆಕ್ಕಗಳಿಗೆ ಸಾಕು.

ಮಕ್ಕಳು ಮತ್ತು ಹಿರಿಯರು ಒಂದೇ ರೀತಿ ಎಡವುವ ಜಾಗವೊಂದಿದೆ. ಅಳತೆಯನ್ನು ಎರಡು ಪಟ್ಟು ಮಾಡಿದರೆ ಘನಫಲ ಎರಡು ಪಟ್ಟಾಗುವುದಿಲ್ಲ. ಉದ್ದ, ಅಗಲ, ಎತ್ತರ ಮೂರೂ ಎರಡು ಪಟ್ಟಾದರೆ ಘನಫಲ ಎಂಟು ಪಟ್ಟಾಗುತ್ತದೆ. ಮೂರರಲ್ಲಿ ಒಂದನ್ನು ಮರೆತರೂ ಲೆಕ್ಕ ಕೆಡುತ್ತದೆ. ಶಹಾಬಾದ್ ಫರ್ಸಿ ಕಲ್ಲನ್ನು ಚದರ ಅಡಿಯ ಲೆಕ್ಕದಲ್ಲಿ ಕೊಳ್ಳುತ್ತೇವೆ, ಆದರೆ ಟ್ರ್ಯಾಕ್ಟರ್ ಎಳೆಯುವುದು ಅದರ ತೂಕವನ್ನು. ಎರಡಡಿ ಚೌಕದ, ಒಂದಂಗುಲ ದಪ್ಪದ ಕಲ್ಲಿನ ಘನಫಲ ಸುಮಾರು 9.4 ಲೀಟರ್, ಸುಣ್ಣದ ಕಲ್ಲು ಲೀಟರಿಗೆ 2.6 ಕಿಲೋ ತೂಗುತ್ತದೆಂದು ಹಿಡಿದರೆ ಒಂದು ಕಲ್ಲಿಗೆ 24 ಕಿಲೋಗೂ ಹೆಚ್ಚು. ನೂರು ಕಲ್ಲಿಗೆ ಎರಡೂವರೆ ಟನ್ನಿನ ಹತ್ತಿರ. ದಪ್ಪ ಒಂದೂವರೆ ಅಂಗುಲವಾದರೆ ಅದೇ ನೂರು ಕಲ್ಲು ಸುಮಾರು 3.7 ಟನ್ ಆಗುತ್ತದೆ. ಚದರ ಅಡಿಯ ಲೆಕ್ಕದಲ್ಲಿ ಮಾತ್ರ ಏನೂ ವ್ಯತ್ಯಾಸ ಕಾಣುವುದಿಲ್ಲ.

ಹೊಂಡ ಪೆಟ್ಟಿಗೆಯಲ್ಲ

ಕರ್ನಾಟಕ ಸರ್ಕಾರ 2014ರಲ್ಲಿ ಆರಂಭಿಸಿದ ಕೃಷಿ ಭಾಗ್ಯ ಯೋಜನೆಯ ನಂತರ ಕೃಷಿ ಹೊಂಡಗಳು ಬಹಳ ಊರುಗಳಲ್ಲಿ ಬಂದಿವೆ. ಸಾಮಾನ್ಯವಾಗಿ ಮೇಲ್ಭಾಗದಲ್ಲಿ 10, 12, 15, 18 ಅಥವಾ 21 ಮೀಟರ್ ಚೌಕವಿದ್ದು, 3 ಮೀಟರ್ ಆಳವಿರುತ್ತವೆ. 21 ಮೀಟರಿನ ಹೊಂಡ ತೋಡಿಸಿದ ರೈತರು 21 × 21 × 3 ಎಂದು ಗುಣಿಸಿ 1323 ಘನ ಮೀಟರ್, ಅಂದರೆ 13 ಲಕ್ಷ ಲೀಟರ್ ನೀರು ಎಂದು ಹೇಳುವುದುಂಟು. ಹೊಂಡದ ಗೋಡೆ ನೆಟ್ಟಗಿದ್ದರೆ ಈ ಲೆಕ್ಕ ಸರಿ. ಆದರೆ ನಮ್ಮ ಎರೆ ಭೂಮಿಯಲ್ಲಿ ನೆಟ್ಟಗಿನ ಗೋಡೆ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಬಿರುಕು ಬಿಟ್ಟು, ಮಳೆಯಲ್ಲಿ ಹಿಗ್ಗಿ ಕುಸಿಯುವ ಈ ಮಣ್ಣಿಗೆ ಇಳಿಜಾರು ಕೊಡಲೇಬೇಕು. ಒಂದು ಮೀಟರ್ ಆಳಕ್ಕೆ ಒಂದೂವರೆ ಮೀಟರ್ ಒಳಕ್ಕೆ ಬರುವಂತೆ ಇಳಿಜಾರು ಕೊಟ್ಟರೆ, ಮೂರು ಮೀಟರ್ ಆಳದಲ್ಲಿ ಪ್ರತಿ ಪಕ್ಕದಿಂದಲೂ 4.5 ಮೀಟರ್ ಒಳಕ್ಕೆ ಬರುತ್ತದೆ. ಮೇಲೆ 21 ಮೀಟರ್ ಇದ್ದದ್ದು ತಳದಲ್ಲಿ 12 ಮೀಟರ್ ಆಗುತ್ತದೆ.

ಇಂಥ ಹೊಂಡದ ಘನಫಲವನ್ನು ಕಂಡುಹಿಡಿಯಲು ಸೂತ್ರಕ್ಕಿಂತ ಮೊದಲು ಅದನ್ನು ಮನಸ್ಸಿನಲ್ಲಿಯೇ ತುಂಡು ಮಾಡಿ ನೋಡುವುದು ಒಳ್ಳೆಯದು. ಮಕ್ಕಳಿಗೂ ಇದೇ ಬೇಗ ಅರ್ಥವಾಗುತ್ತದೆ.

ನಡುವೆ 12 ಮೀಟರ್ ಚೌಕದ, 3 ಮೀಟರ್ ಆಳದ ಒಂದು ನೆಟ್ಟಗಿನ ಪೆಟ್ಟಿಗೆ ಇದೆ. ಅದರ ಘನಫಲ 12 × 12 × 3 = 432. ಅದರ ನಾಲ್ಕು ಪಕ್ಕಗಳಲ್ಲಿ ಇಳಿಜಾರಿನ ಭಾಗಗಳಿವೆ. ಒಂದೊಂದೂ 12 ಮೀಟರ್ ಉದ್ದ, 4.5 ಮೀಟರ್ ಅಗಲ, 3 ಮೀಟರ್ ಆಳದ ಪೆಟ್ಟಿಗೆಯನ್ನು ಓರೆಯಾಗಿ ಕೊಯ್ದು ಎರಡು ಸಮಭಾಗ ಮಾಡಿದಾಗ ಬರುವ ಒಂದು ಭಾಗ. ಪೂರ್ಣ ಪೆಟ್ಟಿಗೆಗೆ 162, ಅರ್ಧಕ್ಕೆ 81. ನಾಲ್ಕು ಸೇರಿ 324. ಇನ್ನು ಉಳಿದವು ನಾಲ್ಕು ಮೂಲೆಗಳು. ಪ್ರತಿ ಮೂಲೆಯೂ ಮೇಲೆ 4.5 ಮೀಟರ್ ಚೌಕವಾಗಿದ್ದು, ಕೆಳಗೆ ಹೋಗುತ್ತಾ ಒಂದು ಬಿಂದುವಿಗೆ ಕೂಡುತ್ತದೆ. ತಲೆಕೆಳಗಾದ ಗೋಪುರದಂತೆ. ಇಂಥ ಮೊನಚಾದ ಆಕೃತಿಯ ಘನಫಲ ಅದೇ ಅಳತೆಯ ಪೆಟ್ಟಿಗೆಯ ಮೂರನೆಯ ಒಂದು ಪಾಲು. 4.5 × 4.5 × 3 ಅನ್ನು 3ರಿಂದ ಭಾಗಿಸಿದರೆ 20.25, ನಾಲ್ಕು ಮೂಲೆಗೆ 81. ಒಟ್ಟು 432 + 324 + 81 = 837 ಘನ ಮೀಟರ್.

1323 ಎಲ್ಲಿ, 837 ಎಲ್ಲಿ! ಇವೆರಡರ ನಡುವಿನ ವ್ಯತ್ಯಾಸ 486 ಘನ ಮೀಟರ್, ಅಂದರೆ ಸುಮಾರು 172 ಬ್ರಾಸ್. ತೋಡದ ಮಣ್ಣಿಗೆ ಹಣ ಕೊಡುವುದೆಂದರೆ ಇದೇ.

ಮೂಲೆಯದು ಅರ್ಧವೂ ಅಲ್ಲ, ಕಾಲೂ ಅಲ್ಲ, ಮೂರನೆಯ ಒಂದು ಪಾಲು ಏಕೆ ಎಂದು ಮಕ್ಕಳು ಕೇಳಬಹುದು. ಒಂದು ದೊಡ್ಡ ಆಲೂಗಡ್ಡೆಯನ್ನು ಚೌಕವಾದ ಘನದ ಆಕಾರಕ್ಕೆ ಕೊಯ್ದುಕೊಳ್ಳಿರಿ. ಅದರ ಒಂದು ಮೂಲೆಯನ್ನು ಗುರುತು ಮಾಡಿ. ಆ ಮೂಲೆಯನ್ನು ಮುಟ್ಟದ ಮುಖಗಳು ಮೂರು ಇರುತ್ತವೆ. ಪ್ರತಿಯೊಂದು ಮುಖದ ಅಂಚುಗಳಿಂದ ಗುರುತಿನ ಮೂಲೆಗೆ ಬರುವಂತೆ ಕೊಯ್ದರೆ ಘನವು ಮೂರು ಸರಿಸಮನಾದ ಮೊನಚು ತುಂಡುಗಳಾಗಿ ಬಿಡಿಸಿಕೊಳ್ಳುತ್ತದೆ. ಒಂದೊಂದೂ ನಮ್ಮ ಹೊಂಡದ ಮೂಲೆಯ ಆಕಾರವೇ. ಮೂರು ಕೂಡಿ ಒಂದು ಘನವಾದುದರಿಂದ ಒಂದಕ್ಕೆ ಮೂರನೆಯ ಒಂದು ಪಾಲು. ಆಲೂಗಡ್ಡೆ ಕೊಯ್ಯುವ ಚಾಕುವನ್ನು ಹಿರಿಯರೇ ಹಿಡಿಯಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಮಳಖೇಡದ ಕಾಲದ ಸೂತ್ರ

ಈ ಲೆಕ್ಕ ಹೊಸದಲ್ಲ. ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಂಡೆಯ ಮೇಲಿರುವ ಮಳಖೇಡವು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತು. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನನ್ನು ತನ್ನ ಗ್ರಂಥದ ಆರಂಭದಲ್ಲಿ ಸ್ತುತಿಸಿದ ಜೈನ ಗಣಿತಜ್ಞ ಮಹಾವೀರಾಚಾರ್ಯ. ಒಂಬತ್ತನೆಯ ಶತಮಾನದಲ್ಲಿ ಆತ ಸಂಸ್ಕೃತದಲ್ಲಿ ಬರೆದ 'ಗಣಿತಸಾರಸಂಗ್ರಹ'ದಲ್ಲಿ ಅಗೆದ ಗುಂಡಿಗಳ ಲೆಕ್ಕಕ್ಕೆಂದೇ ಒಂದು ಅಧ್ಯಾಯವಿದೆ. ಗುಂಡಿಯ ಘನಫಲವನ್ನು ಅವನು ಮೂರು ಬಗೆಯಾಗಿ ಹೇಳುತ್ತಾನೆ.

ಮೇಲಿನ ಮತ್ತು ತಳದ ಅಳತೆಗಳ ಸರಾಸರಿ ತೆಗೆದು, ಆ ಸರಾಸರಿ ಅಳತೆಯ ಕ್ಷೇತ್ರವನ್ನು ಆಳದಿಂದ ಗುಣಿಸಿದರೆ ಬರುವುದು ಕರ್ಮಾಂತಿಕ ಫಲ. ನಮ್ಮ ಹೊಂಡದಲ್ಲಿ 21 ಮತ್ತು 12ರ ಸರಾಸರಿ 16.5, ಅದರ ವರ್ಗ 272.25, ಮೂರರಿಂದ ಗುಣಿಸಿದರೆ 816.75. ಅಳತೆಗಳ ಬದಲು ಕ್ಷೇತ್ರಗಳ ಸರಾಸರಿ ತೆಗೆದರೆ ಬರುವುದು ಔಂಡ್ರ ಫಲ. 441 ಮತ್ತು 144ರ ಸರಾಸರಿ 292.5, ಮೂರರಿಂದ ಗುಣಿಸಿದರೆ 877.5. ಮೊದಲನೆಯದು ಕಡಿಮೆ, ಎರಡನೆಯದು ಹೆಚ್ಚು. ಇವೆರಡರ ವ್ಯತ್ಯಾಸವಾದ 60.75ನ್ನು ಮೂರರಿಂದ ಭಾಗಿಸಿ, ಬಂದ 20.25ನ್ನು ಕರ್ಮಾಂತಿಕಕ್ಕೆ ಕೂಡಿಸಿದರೆ ಸೂಕ್ಷ್ಮ ಫಲ: 837. ನಾವು ತುಂಡು ಮಾಡಿ ಕೂಡಿಸಿದ ಅಂಕಿಯೇ ಬಂದಿತು. ಇದೇ ನಿಯಮವನ್ನು ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತನೂ ಹೇಳಿದ್ದಾನೆ.

ಮೂರರಿಂದ ಏಕೆ ಭಾಗಿಸಬೇಕೆಂಬುದು ಮೂಲೆಗಳನ್ನು ನೋಡಿದರೆ ತಿಳಿಯುತ್ತದೆ. ನಡುವಿನ ಪೆಟ್ಟಿಗೆ ಮತ್ತು ಪಕ್ಕದ ಇಳಿಜಾರುಗಳ ವಿಷಯದಲ್ಲಿ ಎರಡು ಲೆಕ್ಕಗಳಿಗೂ ಜಗಳವಿಲ್ಲ. ಜಗಳವೆಲ್ಲ ಮೂಲೆಯದು. ಕರ್ಮಾಂತಿಕವು ಮೂಲೆಯನ್ನು ಪೆಟ್ಟಿಗೆಯ ಕಾಲು ಭಾಗವೆಂದು ಎಣಿಸುತ್ತದೆ, ಔಂಡ್ರವು ಅರ್ಧವೆಂದು ಎಣಿಸುತ್ತದೆ. ಸತ್ಯವು ಮೂರನೆಯ ಒಂದು ಪಾಲು. ಕಾಲಿನಿಂದ ಅರ್ಧಕ್ಕೆ ಹೋಗುವ ದಾರಿಯಲ್ಲಿ ಮೂರನೆಯ ಒಂದು ಭಾಗ ನಡೆದರೆ ಅಲ್ಲಿಗೆ ತಲುಪುತ್ತೇವೆ.

ಇಂದಿನ ಎಂಜಿನಿಯರರು ಇದನ್ನೇ ಒಂದೇ ಸಾಲಿನಲ್ಲಿ ಬರೆಯುತ್ತಾರೆ: ಮೇಲಿನ ಕ್ಷೇತ್ರ, ತಳದ ಕ್ಷೇತ್ರ, ನಡುಮಟ್ಟದ ಕ್ಷೇತ್ರದ ನಾಲ್ಕರಷ್ಟು, ಇವನ್ನು ಕೂಡಿಸಿ, 6ರಿಂದ ಭಾಗಿಸಿ, ಆಳದಿಂದ ಗುಣಿಸುವುದು. 441 + 144 + 1089 = 1674; 6ರಿಂದ ಭಾಗಿಸಿದರೆ 279; ಮೂರರಿಂದ ಗುಣಿಸಿದರೆ 837. ಹೊಂಡ ಚೌಕವಾಗಿರದೆ ಉದ್ದ ಹೆಚ್ಚು, ಅಗಲ ಕಡಿಮೆ ಇದ್ದರೂ ಈ ಸೂತ್ರ ನಡೆಯುತ್ತದೆ. ರೈತರು ಇದನ್ನೇ ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕು.

ಹಣ ಕೊಡುವಾಗ ತೋಡಿದ ಗುಂಡಿಯನ್ನು ಅಳೆಯಬೇಕೇ ಹೊರತು ಹೊರಬಿದ್ದ ಮಣ್ಣನ್ನಲ್ಲ. ನೆಲದಲ್ಲಿ ಗಟ್ಟಿಯಾಗಿದ್ದ ಮಣ್ಣು ಅಗೆದಾಗ ಸಡಿಲಗೊಂಡು ಉಬ್ಬುತ್ತದೆ. ಕಾಲು ಭಾಗ ಉಬ್ಬಿದರೂ 837 ಘನ ಮೀಟರ್ ಗುಂಡಿಯಿಂದ 1046 ಘನ ಮೀಟರ್ ಸಡಿಲ ಮಣ್ಣು ಬರುತ್ತದೆ. ಟ್ರೇಲರ್ ಎಣಿಸಿ ಹಣ ಕೊಟ್ಟರೆ ಗುಂಡಿಯ 296 ಬ್ರಾಸ್ ಬದಲು 369 ಬ್ರಾಸಿಗೆ ಕೊಟ್ಟಂತಾಗುತ್ತದೆ. ಗುತ್ತಿಗೆದಾರ ಮೋಸ ಮಾಡಿದನೆಂದಲ್ಲ, ಅವನು ಎಣಿಸಿದ್ದೂ ಸರಿಯೇ. ಯಾವ ಅಳತೆ ಎಂಬುದನ್ನು ಕೆಲಸ ಆರಂಭಿಸುವ ಮೊದಲೇ ಮಾತನಾಡಿಕೊಳ್ಳಬೇಕು. ಜೆಸಿಬಿಗೆ ಗಂಟೆಯ ಲೆಕ್ಕದಲ್ಲಿ ಕೊಡುವವರೂ ಒಮ್ಮೆ ಅಳೆದು ನೋಡಿದರೆ ಗಂಟೆಗೆ ಎಷ್ಟು ಘನ ಮೀಟರ್ ತೋಡಿದಂತಾಯಿತೆಂದು ತಿಳಿದುಕೊಳ್ಳಬಹುದು.

ಸಣ್ಣ ಹೊಂಡ, ದೊಡ್ಡ ಹೊಂಡ

ಇದೇ ಇಳಿಜಾರು, 3 ಮೀಟರ್ ಆಳಕ್ಕೆ ಬೇರೆ ಅಳತೆಗಳ ಘನಫಲ ಹೀಗಿದೆ: 10 ಮೀಟರಿನ ಹೊಂಡಕ್ಕೆ 111, 12ಕ್ಕೆ 189, 15ಕ್ಕೆ 351, 18ಕ್ಕೆ 567, 21ಕ್ಕೆ 837 ಘನ ಮೀಟರ್. 10 ಮೀಟರಿನ ಹೊಂಡದ ತಳದಲ್ಲಿ ಉಳಿಯುವುದು ಒಂದೇ ಮೀಟರ್ ಚೌಕ. ಪೆಟ್ಟಿಗೆಯ ಲೆಕ್ಕದಲ್ಲಿ 300 ಎಂದು ಕಾಣುವುದು ನಿಜವಾಗಿ 111. ಎರೆ ಭೂಮಿಯಲ್ಲಿ ಸಣ್ಣ ಹೊಂಡವನ್ನು ಆಳವಾಗಿ ತೋಡುವುದರಿಂದ ಪ್ರಯೋಜನ ಕಡಿಮೆಯೆಂದು ನನ್ನ ಅಭಿಪ್ರಾಯ. ನಾಲ್ವರು ಅಣ್ಣತಮ್ಮಂದಿರು ಪಾಲಾದ ಹೊಲಗಳಲ್ಲಿ ಒಬ್ಬೊಬ್ಬರೂ 10 ಮೀಟರಿನ ಹೊಂಡ ತೋಡಿಸಿದರೆ ನಾಲ್ಕರಲ್ಲೂ ಸೇರಿ 444 ಘನ ಮೀಟರ್. ಅಷ್ಟೇ ನೆಲದಲ್ಲಿ ಬದುವಿನ ಕೂಡುವ ಜಾಗದಲ್ಲಿ 20 ಮೀಟರಿನ ಒಂದೇ ಹೊಂಡವಾದರೆ 741. ಒಂದೇ ಹೊಂಡಕ್ಕೆ ಒಪ್ಪಿಗೆ ಆಗುವುದು ಬೇರೆ ಮಾತು. ಚಿಂಚೋಳಿ ಕಡೆಯ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಗೋಡೆ ಇನ್ನಷ್ಟು ಕಡಿದಾಗಿ ನಿಲ್ಲುವಂತಿದ್ದು, ಮೀಟರಿಗೆ ಮೀಟರ್ ಇಳಿಜಾರು ಸಾಕಾದರೆ, 21 ಮೀಟರಿನ ಹೊಂಡ 981 ಘನ ಮೀಟರ್ ಹಿಡಿಯುತ್ತದೆ. ಆದರೆ ಅಂಥ ನೆಲದಲ್ಲಿ ನೀರು ಇಂಗುವುದೂ ಹೆಚ್ಚು. ಹಾಳೆ ಹಾಸದೆ ಈ ಲಾಭ ನಿಲ್ಲುವುದಿಲ್ಲ.

ಕಲ್ಲು ಸಿಕ್ಕಿದರೆ

ಶಹಾಬಾದ್, ವಾಡಿ, ಚಿತ್ತಾಪುರ ಭಾಗದಲ್ಲಿ ಕಪ್ಪು ಮಣ್ಣಿನ ಕೆಳಗೆ ಸುಣ್ಣದ ಕಲ್ಲಿನ ಪದರಗಳಿವೆ. ಕಲ್ಲಿನ ಗಣಿಗಳೂ ಸಿಮೆಂಟ್ ಕಾರ್ಖಾನೆಗಳೂ ಇಲ್ಲಿ ನೆಲೆಸಿದ್ದು ಅದರಿಂದಲೇ. ಹೊಂಡ ತೋಡುವಾಗ ಎರಡು ಮೀಟರಿಗೆ ಕಲ್ಲು ತಗಲಿದರೆ ರೈತರು ಗಾಬರಿಯಾಗಿ, ಮೂರನೆಯ ಒಂದು ಪಾಲು ನೀರು ಹೋಯಿತೆಂದು ತಿಳಿದು, ಬ್ರೇಕರ್ ತರಿಸಿ ಕಲ್ಲು ಒಡೆಸಲು ಮುಂದಾಗುತ್ತಾರೆ. ಲೆಕ್ಕ ಮಾಡಿ ನೋಡೋಣ. 21 ಮೀಟರಿನ ಹೊಂಡ 2 ಮೀಟರ್ ಆಳಕ್ಕೇ ನಿಂತರೆ ತಳ 15 ಮೀಟರ್, ಘನಫಲ 654. ಕಳೆದುಕೊಂಡದ್ದು 183 ಘನ ಮೀಟರ್, ನೂರಕ್ಕೆ 22ರಷ್ಟು ಮಾತ್ರ. ಹೊಂಡದ ಕೆಳಭಾಗ ಕಿರಿದಾದುದರಿಂದ ಕೊನೆಯ ಮೀಟರಿನಲ್ಲಿ ನೀರು ಕಡಿಮೆ, ಕಲ್ಲಿನ ಖರ್ಚು ಹೆಚ್ಚು.

ಅದರ ಬದಲು ಮೇಲ್ಭಾಗವನ್ನು 24 ಮೀಟರಿಗೆ ಹಿಗ್ಗಿಸಿ 2 ಮೀಟರಿಗೇ ನಿಲ್ಲಿಸಿದರೆ ತಳ 18 ಮೀಟರ್, ಘನಫಲ 888. ಮೂರು ಮೀಟರ್ ಆಳದ ಹೊಂಡಕ್ಕಿಂತ ಹೆಚ್ಚೇ ಆಯಿತು! ಇದಕ್ಕೆ ಬೆಲೆ ಇಲ್ಲದಿಲ್ಲ. 135 ಚದರ ಮೀಟರ್, ಅಂದರೆ ಒಂದೂಕಾಲು ಗುಂಟೆಗಿಂತ ಸ್ವಲ್ಪ ಹೆಚ್ಚು ನೆಲ ಹೋಗುತ್ತದೆ. ಬಾಯಿ ಅಗಲವಾದಷ್ಟೂ ಆವಿಯಾಗುವ ನೀರು ಹೆಚ್ಚು. ದಿನಕ್ಕೆ 5 ಮಿಲಿಮೀಟರಿನಂತೆ ತಿಂಗಳಿಗೆ 15 ಸೆಂಟಿಮೀಟರ್ ಆವಿಯಾಗುತ್ತದೆಂದು ಹಿಡಿದರೆ 21 ಮೀಟರಿನ ಹೊಂಡದಿಂದ 66, 24 ಮೀಟರಿನದರಿಂದ 86 ಘನ ಮೀಟರ್ ಹೋಗುತ್ತದೆ. ಆದರೂ ಅಗಲದ ಹೊಂಡವೇ ಮುಂದಿರುತ್ತದೆ. ಸುಣ್ಣದ ಕಲ್ಲಿನ ಸಂದುಗಳಲ್ಲಿ ನೀರು ಸೋರಿಹೋಗುವುದರಿಂದ, ಕಲ್ಲು ಕಂಡ ತಳಕ್ಕೆ ಎರೆ ಮಣ್ಣನ್ನು ಹದವಾಗಿ ನೆನೆಸಿ ದಮ್ಮಸ್ಸು ಮಾಡುವುದು ಅಥವಾ ಪಾಲಿಥೀನ್ ಹಾಳೆ ಹಾಸುವುದು ಅವಶ್ಯ.

ಎಷ್ಟು ಎಕರೆಗೆ ನೀರು?

ತೋಡಿದ ಘನಫಲವೇ ಬೇರೆ, ನೀರಿನ ಘನಫಲವೇ ಬೇರೆ. ಹೆಚ್ಚಾದ ನೀರು ಹೊರಹೋಗುವ ಕೋಡಿಯ ಮಟ್ಟಕ್ಕಿಂತ ಮೇಲೆ ನೀರು ನಿಲ್ಲುವುದಿಲ್ಲ. ಕೋಡಿಯು ಅಂಚಿಗಿಂತ 30 ಸೆಂಟಿಮೀಟರ್ ಕೆಳಗಿದ್ದರೆ ನೀರಿನ ಮಟ್ಟದಲ್ಲಿ ಅಳತೆ 20.1 ಮೀಟರ್, ಆಳ 2.7 ಮೀಟರ್, ನೀರು 710 ಘನ ಮೀಟರ್. ಒಂದೇ ಅಡಿಯಲ್ಲಿ 127 ಘನ ಮೀಟರ್ ಹೋಯಿತು. ತಳದಲ್ಲಿ ಅರ್ಧ ಮೀಟರ್ ಹೂಳು ತುಂಬಿದ್ದರೆ ಅದು 81 ಘನ ಮೀಟರ್ ತಿನ್ನುತ್ತದೆ. ಒಂದು ತಿಂಗಳ ಆವಿ ಸುಮಾರು 61. ಉಳಿಯುವುದು 568.

ಒಂದು ಎಕರೆಗೆ 5 ಸೆಂಟಿಮೀಟರ್ ನೀರು ಕೊಡಲು 202 ಘನ ಮೀಟರ್ ಬೇಕು. ಹಾಗಾದರೆ ಈ ಹೊಂಡದ ನೀರು ಒಂದು ಸಾರಿ ಕೊಡಲು 2.8 ಎಕರೆಗೆ ಸಾಕು. ಪೆಟ್ಟಿಗೆಯ ಲೆಕ್ಕದ 1323ನ್ನು ನಂಬಿದವರು ಆರೂವರೆ ಎಕರೆಗೆ ಆಗುತ್ತದೆಂದು ತಿಳಿದಿರುತ್ತಾರೆ. ತೊಗರಿ ಹೂವಾಡಿ ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟಾಗ ಆರು ಎಕರೆಗೂ ನೀರು ಹರಿಸಲು ಹೋದರೆ ಮೂರನೆಯ ಎಕರೆಯಲ್ಲೇ ಹೊಂಡ ಬರಿದಾಗುತ್ತದೆ. ಮೊದಲೇ ಲೆಕ್ಕ ತಿಳಿದಿದ್ದರೆ, ಒಳ್ಳೆಯ ಬೆಳೆ ಇರುವ ಮೂರು ಎಕರೆಯನ್ನು ಆರಿಸಿಕೊಳ್ಳಬಹುದು, ಅಥವಾ ತುಂತುರು ನೀರಾವರಿಯಲ್ಲಿ ಕಡಿಮೆ ನೀರು ಕೊಟ್ಟು ಹೆಚ್ಚು ನೆಲ ಮುಟ್ಟಬಹುದು.

ಇನ್ನೊಂದು ಸಂಗತಿ. ಹೊಂಡದ ಅರ್ಧ ಆಳಕ್ಕೆ ನೀರು ಇಳಿದಾಗ ಅರ್ಧ ನೀರು ಉಳಿದಿದೆ ಎಂದು ಭಾವಿಸಬಾರದು. ಒಂದೂವರೆ ಮೀಟರ್ ನೀರಿರುವಾಗ ಉಳಿದಿರುವುದು 307 ಘನ ಮೀಟರ್, ತುಂಬಿದ 837ರಲ್ಲಿ ನೂರಕ್ಕೆ 37ರಷ್ಟು. ಒಂದು ಕೋಲಿಗೆ ಅರ್ಧ ಮೀಟರಿಗೊಂದು ಗುರುತು ಹಾಕಿ, ಪ್ರತಿ ಗುರುತಿಗೂ ನೀರೆಷ್ಟೆಂದು ಮಕ್ಕಳಿಂದ ಲೆಕ್ಕ ಮಾಡಿಸಿ ಬರೆಸಿದರೆ ಅವರ ಪಾಠವೂ ಆಯಿತು. ನೀರು ತುಂಬಿದ ಹೊಂಡದ ಅಂಚಿಗೆ ಮಾತ್ರ ಅವರನ್ನು ಬಿಡದೆ, ಕೋಲನ್ನು ದೊಡ್ಡವರೇ ಇಳಿಸಬೇಕು. ಹೊಂಡಕ್ಕೆ ತಂತಿಬೇಲಿ ಇರಲೇಬೇಕು.

ಕಣದಲ್ಲಿ ರಾಶಿ

ಕಣದಲ್ಲಿ ಸುರಿದ ತೊಗರಿ ಅಥವಾ ಜೋಳದ ರಾಶಿ ಶಂಕುವಿನ ಆಕಾರದ್ದು. ಶಂಕುವೂ ಹೊಂಡದ ಮೂಲೆಯಂತೆ ಮೊನಚಾದುದರಿಂದ, ಅದೇ ಬಾಯಿ, ಅದೇ ಎತ್ತರದ ಡಬ್ಬಿಯ ಮೂರನೆಯ ಒಂದು ಪಾಲು. ದಪ್ಪ ಕಾಗದದ ಶಂಕು ಮಾಡಿ ತೊಗರಿ ತುಂಬಿ ಡಬ್ಬಿಗೆ ಸುರಿಸಿದರೆ ಮೂರು ಸಾರಿಗೆ ಡಬ್ಬಿ ತುಂಬುತ್ತದೆ. ಶಂಕುವಿನ ಎತ್ತರವನ್ನು ನೆಟ್ಟಗೆ ಅಳೆಯಬೇಕು, ಓರೆಯಾಗಿ ಅಲ್ಲ. ಮಕ್ಕಳು ಇಲ್ಲಿಯೇ ತಪ್ಪುವುದು.

ರಾಶಿಯ ನಡುವಿಗೆ ಟೇಪು ಹಾಯಿಸಲು ಆಗುವುದಿಲ್ಲ, ಆದರೆ ಸುತ್ತಳತೆಯನ್ನು ಹಗ್ಗದಿಂದ ಅಳೆಯಬಹುದು. 1150ರಲ್ಲಿ ರಚಿತವಾದ ಭಾಸ್ಕರಾಚಾರ್ಯನ 'ಲೀಲಾವತಿ'ಯಲ್ಲಿ ಇದಕ್ಕೆ ಸುಲಭ ನಿಯಮವಿದೆ: ಸುತ್ತಳತೆಯ ಆರನೆಯ ಒಂದು ಪಾಲಿನ ವರ್ಗವನ್ನು ಎತ್ತರದಿಂದ ಗುಣಿಸುವುದು. ಸುತ್ತಳತೆ 9 ಮೀಟರ್, ಎತ್ತರ 0.8 ಮೀಟರ್ ಇದ್ದರೆ 1.5ರ ವರ್ಗ 2.25, 0.8ರಿಂದ ಗುಣಿಸಿದರೆ 1.8 ಘನ ಮೀಟರ್. ಈ ನಿಯಮ ಸುತ್ತಳತೆಯನ್ನು ವ್ಯಾಸದ ಮೂರರಷ್ಟೆಂದು ಹಿಡಿದಿದೆ. ಅದು ನಿಜವಾಗಿ ಮೂರಕ್ಕಿಂತ ಸ್ವಲ್ಪ ಹೆಚ್ಚು ಇರುವುದರಿಂದ ಬಂದ ಫಲದಲ್ಲಿ ನೂರಕ್ಕೆ ನಾಲ್ಕೂವರೆ ಕಳೆಯಬೇಕು. ಆಗ 1.72 ಘನ ಮೀಟರ್. ಗೋಡೆಗೆ ಒರಗಿದ ಅರ್ಧ ರಾಶಿಗೆ ಕಾಣುವ ಸುತ್ತಳತೆಯನ್ನು ಎರಡರಿಂದ ಗುಣಿಸಿ ಲೆಕ್ಕ ಹಾಕಿ, ಕೊನೆಗೆ ಎರಡರಿಂದ ಭಾಗಿಸಬೇಕು. ಒಳಮೂಲೆಯ ರಾಶಿಗೆ ಎರಡರ ಬದಲು ನಾಲ್ಕು.

ಘನಫಲದಿಂದ ತೂಕಕ್ಕೆ ಬರಲು ಅಳತೆ ಗೊತ್ತಿರುವ ಬಕೆಟಿನಲ್ಲಿ ಅದೇ ಕಾಳು ತುಂಬಿ ತೂಗಬೇಕು. 20 ಲೀಟರ್ ಬಕೆಟಿಗೆ 16 ಕಿಲೋ ಬಂದರೆ ಒಂದು ಘನ ಮೀಟರಿಗೆ 800 ಕಿಲೋ. ಮೇಲಿನ ರಾಶಿ ಸುಮಾರು 1375 ಕಿಲೋ, 50 ಕಿಲೋ ಚೀಲಗಳಾದರೆ 28 ಬೇಕು. ಕಾಳಿನ ಗಾತ್ರ, ತೇವ ಬದಲಾದಂತೆ ಬಕೆಟಿನ ತೂಕ ಬದಲಾಗುವುದರಿಂದ ಪ್ರತಿ ರಾಶಿಗೂ ಹೊಸದಾಗಿ ತೂಗಬೇಕು. ಇದು ಚೀಲ, ಜಾಗ, ಗಾಡಿಯ ಅಂದಾಜಿಗೆ. ಮಾರುವಾಗ ತಕ್ಕಡಿಯೇ ಪ್ರಮಾಣ.

ಬಾವಿ

ಬಾವಿಯ ಲೆಕ್ಕ ಎಲ್ಲಕ್ಕಿಂತ ಸುಲಭ. ವ್ಯಾಸದ ವರ್ಗವನ್ನು 0.785ರಿಂದ ಗುಣಿಸಿ, ನೀರಿನ ಆಳದಿಂದ ಗುಣಿಸಿದರಾಯಿತು. 6 ಮೀಟರ್ ವ್ಯಾಸದ ಬಾವಿಯಲ್ಲಿ 4 ಮೀಟರ್ ನೀರಿದ್ದರೆ 113 ಘನ ಮೀಟರ್. ಇದಕ್ಕಿಂತ ಉಪಯುಕ್ತವಾದುದು ಊಟೆಯ ಲೆಕ್ಕ. ಪಂಪು ನಿಲ್ಲಿಸಿದ ಮೇಲೆ ಎರಡು ಗಂಟೆಯಲ್ಲಿ ನೀರು ಅರ್ಧ ಮೀಟರ್ ಏರಿದರೆ 14 ಘನ ಮೀಟರ್ ಬಂದಂತೆ, ಗಂಟೆಗೆ 7 ಸಾವಿರ ಲೀಟರ್. ಪಂಪು ಗಂಟೆಗೆ 20 ಸಾವಿರ ಲೀಟರ್ ಎತ್ತುವಂತಿದ್ದರೆ ಬಾವಿ ಎಷ್ಟು ಹೊತ್ತಿಗೆ ಬರಿದಾಗುತ್ತದೆಂದು ಮಕ್ಕಳಿಗೆ ಕೊಡಬಹುದಾದ ಒಳ್ಳೆಯ ಲೆಕ್ಕವಿದು: ಗಂಟೆಗೆ 13 ಸಾವಿರ ಕಡಿಮೆಯಾಗುತ್ತ ಹೋದರೆ ಎಂಟೂವರೆ ಗಂಟೆಗಿಂತ ಸ್ವಲ್ಪ ಹೆಚ್ಚು. ಊಟೆಯನ್ನು ಸಂಕ್ರಾಂತಿಯ ಹೊತ್ತಿಗೆ ಒಮ್ಮೆ, ಯುಗಾದಿಯ ನಂತರ ಮತ್ತೊಮ್ಮೆ ಅಳೆಯಬೇಕು, ಏಕೆಂದರೆ ಎರಡೂ ಕಾಲದಲ್ಲಿ ಒಂದೇ ಅಂಕಿ ಬರುವುದಿಲ್ಲ.